ಬೇಕಾದವರಿಗೆ ಇಲ್ಲ, ಬೇಡದವರಿಗೆ ಬೇಕಾದಷ್ಟು

ಔಷಧ ನಿಯಂತ್ರಣಾಧಿಕಾರಿಗಳೇ,

ಟೆಸ್ಟೋಸ್ಟೆರಾನ್ ದುರ್ಬಳಕೆ ತಡೆಯಲು ನೀವು ಹೊರಡಿಸಿದ ಆದೇಶ ಅದ್ಭುತ ಫಲ ಕೊಟ್ಟಿದೆ. ವೈದ್ಯರೇ ಬರೆದುಕೊಟ್ಟರೂ ನನ್ನ ಗಂಡನಿಗೆ ಆ ಇಂಜೆಕ್ಷನ್ ಈಗ ಎಲ್ಲೂ ಸಿಗುವುದಿಲ್ಲ. ನನ್ನ ತಮ್ಮನಿಗೆ ಮಾತ್ರ ಜಿಮ್ಮಿನಲ್ಲಿ ಕೇಳಿದಷ್ಟು ಸಿಕ್ಕಿತು. ಅಭಿನಂದನೆಗಳು.

ನನ್ನ ಗಂಡ ಬಸ್ ಚಾಲಕರು. ಮಿದುಳಿನ ಬುಡದ ಗ್ರಂಥಿಯಲ್ಲಿದ್ದ ಗಡ್ಡೆಯನ್ನು ತೆಗೆಸಿದ ಮೇಲೆ ಅವರ ದೇಹ ಈ ಹಾರ್ಮೋನನ್ನು ತಯಾರಿಸುವುದನ್ನೇ ಬಿಟ್ಟಿತು. ಇದನ್ನು ಹೇಳಿಕೊಳ್ಳಲು ನಿಮ್ಮ ಕಚೇರಿಗೆ ಬಂದಾಗ, ಇದೆಲ್ಲ ಮೀಸೆ, ಮಂಚದ ವಿಷಯವೆಂದು ನಿಮ್ಮ ಗುಮಾಸ್ತರು ಮುಸಿಮುಸಿ ನಕ್ಕರು. ಮೂಳೆಯ ಗಟ್ಟಿತನಕ್ಕೆ, ರಕ್ತಕ್ಕೆ, ರಟ್ಟೆಯ ಬಲಕ್ಕೆ, ಬೆಳಿಗ್ಗೆ ಏಳುವ ಉಮೇದಿಗೆ ಕೂಡ ಅದು ಬೇಕೆಂದು ಅವರಿಗೆ ಯಾರು ಹೇಳಬೇಕು? ಇಂಜೆಕ್ಷನ್ ತಪ್ಪಿದಂದಿನಿಂದ ನಮ್ಮವರು ಕೆಲಸದಿಂದ ಬಂದು ಬೂಟು ಬಿಚ್ಚಲೂ ಆಗದೆ ಕೂತುಬಿಡುತ್ತಾರೆ. ಡಿಪೋದವರು ಅವರನ್ನು ಸ್ಟಿಯರಿಂಗಿನಿಂದ ಎಬ್ಬಿಸಿ ಟೈರಿನ ಗಾಳಿ ನೋಡಲು ಹಾಕಿದ್ದಾರೆ. ಔಷಧದಂಗಡಿಯವರು ಸಂಕೋಚದಿಂದಲೇ ಹೇಳಿದರು: "ಅಕ್ಕಾ, ನಿಮ್ಮ ಚೀಟಿ ಸರಿಯಾಗೇ ಇದೆ. ಆದ್ರೆ ಆ ಮದ್ದು ಇಟ್ಕೊಂಡ್ರೆ ತನಿಖೆ ಅಂತ ಬರ್ತಾರೆ. ನನಗ್ಯಾಕೆ ಆ ಉಸಾಬರಿ?"

ಇನ್ನು ನನ್ನ ತಮ್ಮ. ದರ್ಜಿಯಾದ ನಾನು ಅವನ ಅಂಗಿಯ ತೋಳುಗಳನ್ನು ಮತ್ತೆ ಮತ್ತೆ ಬಿಚ್ಚಿ ಅಗಲ ಮಾಡಿಕೊಡುತ್ತ, ಎಲ್ಲ ಕಸರತ್ತಿನ ಫಲವೆಂದು ಬೀಗುತ್ತಿದ್ದೆ. ಮಗುವಿಗಾಗಿ ಕಾದು ಸೋತು ಅವನೂ ಅವನ ಹೆಂಡತಿಯೂ ಆಸ್ಪತ್ರೆಗೆ ಹೋದಾಗ ಗುಟ್ಟು ರಟ್ಟಾಯಿತು. ಈ ಹಾರ್ಮೋನನ್ನು ಹೊರಗಿನಿಂದ ಸುರಿದುಕೊಂಡರೆ ಒಳಗಿನ ಉತ್ಪಾದನೆ ನಿಲ್ಲುತ್ತದೆ, ವೀರ್ಯಾಣುಗಳೂ ಇಲ್ಲವಾಗುತ್ತವೆ ಎಂದು ವೈದ್ಯೆ ವಿವರಿಸಿದರಂತೆ. ನಿಲ್ಲಿಸಿದರೆ ಮರಳಬಹುದು, ಆದರೆ ತಿಂಗಳುಗಟ್ಟಲೆ ಕಾಯಬೇಕು, ಖಾತ್ರಿ ಕೊಡಲಾಗದು ಎಂದರಂತೆ. ಅವನ ಹೆಂಡತಿ ಕೂಗಾಡಲಿಲ್ಲ. "ನಾನು ಮದುವೆಗೆ ಒಪ್ಪಿದ್ದು ಆ ಮೊದಲಿನ ತೋಳನ್ನ ನೋಡೇ ಅಲ್ವಾ?" ಎಂದಷ್ಟೇ ಕೇಳಿದಳು. ಗಂಡಸುತನ ಕೊಳ್ಳಲು ಹೋದವನು ಅಪ್ಪನಾಗುವ ಯೋಗವನ್ನೇ ಒತ್ತೆಯಿಟ್ಟು ಬಂದಿದ್ದ.

ನಾನು ನಿಮಗೆ ದೂರು ಕೊಟ್ಟೆ. ನಿಮ್ಮ ಪರಿವೀಕ್ಷಕರು ಜಿಮ್ಮಿಗೆ ಮೊದಲೇ ಫೋನು ಮಾಡಿ, ಆಮೇಲೆ ದಾಳಿ ಮಾಡಿದರು. ಎಂಥ ಸಂಭಾವಿತರು! ಅಲ್ಲಿ ಪ್ರೋಟೀನ್ ಡಬ್ಬಿಗಳ ಹೊರತು ಏನೂ ಕಾಣಲಿಲ್ಲವೆಂದು ವರದಿ ಬಂತು.

ಕಳೆದ ಭಾನುವಾರ ನನ್ನ ತಮ್ಮ ನಮ್ಮ ಮನೆಗೆ ಬಂದು, ಉಳಿದಿದ್ದ ಸೀಸೆಗಳನ್ನು ನನ್ನ ಗಂಡನ ಮುಂದಿಟ್ಟ. "ಭಾವ, ನಂಗಿನ್ನು ಬೇಡ. ನೀವಾದ್ರೂ ತಗೊಳ್ಳಿ." ಸುಳ್ಳೇಕೆ, ನಾನಾಗಲೇ ಇಂಜೆಕ್ಷನ್ನಿಗೆಂದು ಹತ್ತಿ ಹುಡುಕಲು ಎದ್ದಿದ್ದೆ. ನಮ್ಮವರು ಒಂದು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅದರ ಮೇಲೆ ಒಂದು ಗೂಳಿಯ ಚಿತ್ರವಿತ್ತು, ತಯಾರಿಸಿದವರ ಹೆಸರಿರಲಿಲ್ಲ.

"ಇದರೊಳಗೆ ಏನಿದೆಯೋ ಯಾರಿಗ್ಗೊತ್ತು? ಬೇಡಪ್ಪ. ಇದು ಇಲ್ಲಿದ್ರೆ ನಾಳೆ ನನಗೇ ಆಸೆ ಆಗುತ್ತೆ" ಎಂದು ಗೋಡೆ ಹಿಡಿದುಕೊಂಡು ಎದ್ದರು. ಅಡುಗೆಮನೆಗೆ ಹೋಗಿ ಸೀಸೆಗಳನ್ನು ಒಂದೊಂದಾಗಿ ಒಡೆದು ಸಿಂಕಿಗೆ ಸುರಿದರು. ನನ್ನ ತಮ್ಮ ತಲೆ ತಗ್ಗಿಸಿ ನಲ್ಲಿ ತಿರುಗಿಸಿದ.

ಚೀಟಿ ತಂದ ರೋಗಿಗೆ ಮದ್ದು ಕೊಡಲು ಹೆದರಬೇಕಿಲ್ಲವೆಂದು ಈ ವಾರವೇ ಅಂಗಡಿಗಳಿಗೆ ಲಿಖಿತ ಸೂಚನೆ ಕಳಿಸಿ. ಜಿಮ್ಮಿಗೆ ನೀವೇ ಖುದ್ದಾಗಿ, ಹೇಳದೆ ಕೇಳದೆ ಹೋಗಿ. ಈ ಊರಿನಲ್ಲಿ ನಿಮ್ಮ ಆದೇಶ ನಿಜವಾಗಿ ಜಾರಿಯಾದದ್ದು ಒಂದೇ ಸಲ. ಜಾರಿ ಮಾಡಿದವರು ಒಬ್ಬ ರೋಗಿ.

ಇಂತಿ,
ನಿಮ್ಮಿಂದ ಉತ್ತರದ ಆಸೆ ಇನ್ನೂ ಬಿಡದ ಹುಚ್ಚಿ,
ಒಬ್ಬ ದರ್ಜಿ