ನೀತಿಯ ಕಾಲಂ ತುಂಬದ ನಗೆಪುಸ್ತಕಗಳು

ಶಾಲಾ ಪುಸ್ತಕ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಮ್ಮ ಶಾಲೆಯಿಂದ ತರಿಸಿಕೊಂಡ ಅರವತ್ತು ನಗೆಪುಸ್ತಕಗಳನ್ನು ದಯವಿಟ್ಟು ವಾಪಸು ಕೊಡಿ. ಇದನ್ನೇ ಮೂರು ಅರ್ಜಿಗಳಲ್ಲಿ ವಿನಯದಿಂದ ಬರೆದಿದ್ದೆ. ಮೊದಲನೆಯದಕ್ಕೆ ಸ್ವೀಕೃತಿ ಬಂತು. ಎರಡನೆಯದಕ್ಕೆ, ಮೊದಲನೆಯದರ ಸ್ವೀಕೃತಿ ಸಂಖ್ಯೆ ನಮೂದಿಸಿಲ್ಲವೆಂಬ ಆಕ್ಷೇಪಣೆ ಬಂತು. ಮೂರನೆಯದಕ್ಕೆ ಏನೂ ಬರಲಿಲ್ಲ. ಇಪ್ಪತ್ತಾರು ವರ್ಷ ಮೂರನೇ ತರಗತಿಗೆ ಪಾಠ ಮಾಡಿದವಳಿಗೆ ಒಂದೇ ಮಾತನ್ನು ನಾಲ್ಕು ಸಲ ಹೇಳುವುದು ಹೊಸದಲ್ಲ; ಸುಸ್ತಾಗುವುದು ಮಾತ್ರ ಹೊಸದು. ಆದ್ದರಿಂದ ಈ ಸಲ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಮ್ಮ ಸುತ್ತೋಲೆಯ ಪ್ರಕಾರ ‘ಹಾಸ್ಯಪ್ರಧಾನ ಸಚಿತ್ರ ಪುಸ್ತಕಗಳು ಪ್ರಾಥಮಿಕ ಹಂತದ ಮಕ್ಕಳ ಗಾಂಭೀರ್ಯಕ್ಕೆ ಧಕ್ಕೆ ತರುತ್ತಿವೆ.’ ಎಂಟು ವರ್ಷದ ಮಕ್ಕಳ ಗಾಂಭೀರ್ಯ! ನಾನು ಅದನ್ನು ಈವರೆಗೆ ಕಂಡದ್ದು ಅವರಿಗೆ ಹಲ್ಲುನೋವು ಬಂದಾಗ ಮಾತ್ರ. ಸುತ್ತೋಲೆಯ ಜೊತೆಗೆ ಒಂದು ನಮೂನೆಯೂ ಇತ್ತು. ಪುಸ್ತಕದ ಹೆಸರು, ಪುಟಗಳ ಸಂಖ್ಯೆ, ಕೊನೆಯಲ್ಲಿ ‘ಮಗು ಪಡೆಯುವ ನೀತಿ’. ಆ ಕಾಲಂ ಖಾಲಿ ಇದ್ದ ಪುಸ್ತಕಗಳನ್ನೆಲ್ಲ ಕಟ್ಟಿ ಕಳಿಸಬೇಕೆಂದು ಆದೇಶ.

ತನಿಖೆಗೆ ಬಂದ ಅಧಿಕಾರಿ ಕೆಟ್ಟವರೇನಲ್ಲ. ಕಪಾಟಿನ ಮುಂದೆ ನಿಂತು ಒಂದು ಪುಸ್ತಕ ಬಿಡಿಸಿದರು, ಎರಡು ಪುಟ ತಿರುವಿದರು, ಫಕ್ಕನೆ ನಕ್ಕರು. ನಂತರ ಯಾರಾದರೂ ನೋಡಿದರೇ ಎಂದು ಬಾಗಿಲ ಕಡೆ ತಿರುಗಿ, ಪುಸ್ತಕ ಮುಚ್ಚಿದರು. ‘ಚೆನ್ನಾಗೇ ಇದೆ ಟೀಚರ್. ಆದ್ರೆ ನೀತಿ ಎಲ್ಲಿದೆ ಹೇಳಿ? ಕಾಲಂ ಖಾಲಿ ಬಿಡೋ ಹಾಗಿಲ್ಲ,’ ಎಂದರು. ‘ನೀವು ನಕ್ಕಿರಲ್ಲ ಸರ್, ಅದನ್ನೇ ಬರ್ಕೊಳ್ಳಿ,’ ಎಂದೆ. ಬರೆದುಕೊಳ್ಳಲಿಲ್ಲ.

ಈಗ ನನ್ನ ತರಗತಿಯ ಒಬ್ಬ ಹುಡುಗಿಯ ವಿಷಯ. ಮಕ್ಕಳು ಅವಳನ್ನು ಪಿಸುಗುಬ್ಬಿ ಎನ್ನುತ್ತಾರೆ. ಅವಳಿಗೆ ತೊದಲು. ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ, ಅವಳು ಕೂತುಬಿಡುತ್ತಾಳೆ. ಶಾಲೆಗೆ ಸೇರಿ ಎರಡು ವರ್ಷ ಕಳೆದರೂ ಅವಳು ತರಗತಿಯಲ್ಲಿ ಒಂದು ಸಾಲನ್ನೂ ಗಟ್ಟಿಯಾಗಿ ಓದಿರಲಿಲ್ಲ.

ಒಂದು ಮಧ್ಯಾಹ್ನ ನಾನು ಜಿರಾಫೆಯೊಂದು ಅಂಗಿ ಹೊಲಿಸಲು ಹೋಗುವ ಪುಸ್ತಕ ತೆಗೆದೆ. ದರ್ಜಿ ಕುತ್ತಿಗೆಯ ಅಳತೆಗೆ ಏಣಿ ಹತ್ತುತ್ತಾನೆ. ಕೆಳಗಿಳಿದು ಬರೆಯುವಷ್ಟರಲ್ಲಿ ಅಳತೆ ಮರೆಯುತ್ತಾನೆ. ಪುಟ ಪುಟಕ್ಕೂ ‘ಅಯ್ಯೋ, ಮರ್ತೇ ಹೋಯ್ತು!’ ಎಂದು ಮತ್ತೆ ಹತ್ತುತ್ತಾನೆ. ಮೂರನೇ ಪುಟದಿಂದ ಇಡೀ ತರಗತಿ ಆ ಮಾತನ್ನು ಕೂಗತೊಡಗಿತು. ಆ ಗಲಾಟೆಯಲ್ಲಿ ಪಿಸುಗುಬ್ಬಿಯೂ ಕೂಗುತ್ತಿದ್ದಳು. ಒಂದಕ್ಷರವೂ ಎಡವಲಿಲ್ಲ. ಬೆಲ್ ಹೊಡೆದ ಮೇಲೆ ಮೇಜಿನ ಹತ್ತಿರ ಬಂದು ಪುಸ್ತಕದ ಮೇಲೆ ಕೈಯಿಟ್ಟಳು. ಕೊಟ್ಟೆ.

ನಾಲ್ಕು ದಿನದ ನಂತರ ಅವಳ ತಾಯಿ ಬಂದರು. ಬಟ್ಟೆ ಹೊಲಿಯುವವರು, ಸೀರೆಯ ತುಂಬ ದಾರದ ಚೂರು. ಓದು ಬರಹ ಬಾರದು.

‘ಟೀಚರ್, ಮಿಷಿನ್ ಪಕ್ಕ ಕೂತ್ಕೊಂಡು ನಂಗೆ ಪೂರ್ತಿ ಓದಿದ್ಲು. ಅಲ್ಲಲ್ಲಿ ತಡೀತು, ಆದ್ರೂ ಬಿಡ್ಲಿಲ್ಲ. ನಾನು ಪೆಡಲ್ ತುಳಿಯೋದೇ ನಿಲ್ಸಿಬಿಟ್ಟೆ. ಅಲ್ಲಾ, ಆ ದರ್ಜಿ ಎಂಥಾ ಪೆದ್ದ! ಕಿವಿ ಮೇಲೆ ಪೆನ್ಸಿಲ್ ಇಟ್ಕೊಂಡೇ ಹತ್ತಿದ್ದಾನೆ, ಮೇಲೇ ಬರ್ಕೋಬಾರ್ದಾ?’

ಆ ಪೆನ್ಸಿಲ್ ಚಿತ್ರದಲ್ಲಿ ಮಾತ್ರ ಇದೆ, ಮಾನ್ಯರೇ. ಅಕ್ಷರದಲ್ಲಿಲ್ಲ. ಅದು ನನಗೂ ಕಂಡಿರಲಿಲ್ಲ. ಅಕ್ಷರ ಬಾರದ ತಾಯಿ, ಮಾತು ಬಾರದವಳೆನಿಸಿಕೊಂಡ ಮಗಳು ಒಂದೇ ಪುಸ್ತಕವನ್ನು ಒಟ್ಟಿಗೆ ಓದಿದ್ದರು. ಇದಕ್ಕೆ ನಿಮ್ಮ ನಮೂನೆಯಲ್ಲಿ ಯಾವ ಕಾಲಂ?

ಅದರ ಮರುವಾರವೇ ಆದೇಶ ಬಂತು. ನಮ್ಮಲ್ಲಿದ್ದದ್ದು ಅರವತ್ತೊಂದು. ‘ಟೀ... ಟೀಚರ್, ವಾಪಸ್ ಕೊಡ್ಬೇಕಾ?’ ಎಂದು ಪಿಸುಗುಬ್ಬಿ ಕೇಳಿದಳು. ‘ಬೇಡ, ಇಟ್ಕೋ,’ ಎಂದೆ. ಪಟ್ಟಿಯಲ್ಲಿ ಆ ಪುಸ್ತಕದ ಎದುರು ‘ಇಲಿ ಕಡಿದು ನಾಶವಾಗಿದೆ’ ಎಂದು ಬರೆದು ಸಹಿ ಮಾಡಿದೆ.

ಹೋದ ತಿಂಗಳು ಓದಿನ ಪರೀಕ್ಷೆ ನಡೆಯಿತು. ಖಾಲಿ ಕಪಾಟಿಗೆ ತಾವು ಕಳಿಸಿದ, ಒಂದೂ ಚಿತ್ರವಿಲ್ಲದ ಶಿಸ್ತಿನ ಪುಸ್ತಕದಿಂದ ಒಂದು ಪುಟ ಕೊಟ್ಟರು. ಪರೀಕ್ಷಕರು ಗಡಿಯಾರ ಹಿಡಿದು ಕೂತರು. ‘ಕರ್ತವ್ಯನಿಷ್ಠೆಯು’ ಎಂಬ ಮೊದಲ ಪದದಲ್ಲೇ ಅವಳು ನಿಂತಳು. ಒಂದು ನಿಮಿಷದ ನಂತರ ಅವಳ ಹೆಸರಿನ ಮುಂದೆ ‘ಓದಲು ಬಾರದು’ ಎಂದು ಬಿತ್ತು. ಬರುವ ವರ್ಷ ಅವಳನ್ನು ಅದೇ ತರಗತಿಯಲ್ಲಿ ಉಳಿಸುತ್ತಾರಂತೆ. ‘ಅವಳಿಗೆ ಓದಲು ಬರುತ್ತದೆ’ ಎಂದು ವಾದಿಸಿದೆ. ‘ಯಾವ ಪುಸ್ತಕ ಓದಿದ್ದಾಳೆ, ತೋರಿಸಿ,’ ಎಂದರು. ಏನು ತೋರಿಸಲಿ? ನನ್ನ ಸಹಿಯ ಪ್ರಕಾರ ಅದು ಇಲಿಯ ಹೊಟ್ಟೆಯಲ್ಲಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆ. ಆ ದಿನದಿಂದ ಅವಳು ನನ್ನ ಜೊತೆಯೂ ಮಾತಾಡುತ್ತಿಲ್ಲ.

ಆದ್ದರಿಂದ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ: ನಮ್ಮ ಶಾಲೆಯಲ್ಲಿ ಇಲಿಯಿಲ್ಲ. ಆ ಪುಸ್ತಕ ಹೊಲಿಗೆ ಮಿಷಿನ್ ಪಕ್ಕದಲ್ಲಿ ಸುರಕ್ಷಿತವಾಗಿದೆ. ದಾಖಲೆ ತಿದ್ದಿದ್ದಕ್ಕೆ ಶಿಕ್ಷೆಯನ್ನು ನನಗೆ ಕೊಡಿ. ಅದಕ್ಕೂ ತಮ್ಮಲ್ಲಿ ನಮೂನೆ ಇದ್ದೇ ಇರುತ್ತದೆ, ಕಳಿಸಿದರೆ ತುಂಬಿಕೊಡುತ್ತೇನೆ. ಅರವತ್ತು ಪುಸ್ತಕಗಳನ್ನು ಮಕ್ಕಳಿಗೆ ಕೊಡಿ. ಆ ಹುಡುಗಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿ, ಅವಳು ಆರಿಸಿದ ಪುಸ್ತಕದಿಂದ. ಗಡಿಯಾರ ಬೇಡ. ತಾಯಿ ಪಕ್ಕದಲ್ಲಿ ಕೂತಿರಲಿ.

ಇಂತಿ,
ಸುಳ್ಳು ಹೇಳಬಾರದೆಂದು ಮಕ್ಕಳಿಗೆ ದಿನವೂ ಹೇಳಿಕೊಡುವ
ಮೂರನೇ ತರಗತಿಯ ಟೀಚರ್