ಮಂಜು ಸರಿದ ಮೇಲೆ ಊದಿದ ಸೀಟಿ

ಸೋದರಮಾವನಿಗೆ, ನಿಮ್ಮ ಸುಧಾಳಿಂದ.

ಒಂಟಿಕೊಪ್ಪಲಿನ ಮನೆಯಲ್ಲಿ ಕೂತು ನೀವು ಆ ಯುದ್ಧದ ಮಾತು ತೆಗೆದದ್ದು ಒಂದೇ ಸಲ. ಮಂಜು ದಟ್ಟವಾಗಿದ್ದಾಗಲೇ, ಮೇಲಿದ್ದ ಶತ್ರುವಿನ ಕಣ್ಣಿಗೆ ಬೀಳದಂತೆ, ನಿಮ್ಮ ತುಕಡಿ ಬೆಟ್ಟ ಹತ್ತಬೇಕಿತ್ತು. ಆದರೆ ಜನರಲ್ ಸಾಹೇಬರ ಗೆಳೆಯನ ದೊಡ್ಡ ಪತ್ರಿಕೆಯಿಂದ ಫೋಟೋದವನು ಬಂದಿದ್ದ. ಮೊದಲ ಪುಟ ಸಾಹೇಬರಿಗೆಂದೇ ಖಾಲಿ ಇಟ್ಟಿದ್ದರಂತೆ. ಬೆಳಕು ಸಾಲದು ಎಂದನಂತೆ ಅವನು. ಸಾಹೇಬರು ಎಲ್ಲರನ್ನೂ ಕಾಯಿಸಿದರು. ಮಂಜು ಸರಿಯಿತು, ಅವನು ತಲೆಯಾಡಿಸಿದ, ಸಾಹೇಬರು ನಿಮ್ಮತ್ತ ನೋಡಿದರು. ನೀವು ಸೀಟಿ ಊದಿದಿರಿ.

ಆಮೇಲಿನದನ್ನು ಹೇಳುವಾಗ ನಿಮ್ಮ ದನಿ ಏರಲೇ ಇಲ್ಲ. ಮೇಲಿದ್ದ ಮೆಷಿನ್ ಗನ್ ಹತ್ತುತ್ತಿದ್ದವರನ್ನು ಸಾಲಾಗಿ ಉರುಳಿಸಿತು. ಒಬ್ಬನ ದವಡೆ ಹಾರಿತ್ತು. ಅವನು ಅದನ್ನು ಕಲ್ಲುಗಳ ನಡುವೆ ತಡಕುತ್ತಿದ್ದ. ನಿಮ್ಮ ಗೆಳೆಯ ಶಿವಣ್ಣ ಹರಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ನಿಮ್ಮ ಕಾಲಬುಡಕ್ಕೇ ಜಾರಿ ಬಂದ. "ಲೋ, ಮಂಜಲ್ಲೇ ಬುಟ್ಟಿದ್ರೆ ಆಯ್ತಿತ್ತಲ್ಲೋ" ಎಂದ. ಅಷ್ಟೇ. ಪತ್ರಿಕೆಯಲ್ಲಿ ಬಂದದ್ದೇನು? ದುರ್ಬೀನು ಹಿಡಿದ ಸಾಹೇಬರು, ಆಚೆ ಬೆಟ್ಟದತ್ತ ಓಡುವ ಬೆನ್ನುಗಳು. ಸತ್ತವರ ಬಗ್ಗೆ ಒಂದು ಸಾಲೂ ಇಲ್ಲ. ನಿವೃತ್ತರಾದ ಸಾಹೇಬರಿಗೆ ಅದೇ ಪತ್ರಿಕೆ ವಾರದ ಅಂಕಣವನ್ನೂ ಕೊಟ್ಟಿತು.

ನಡೆದದ್ದನ್ನು ಹೇಳಿಬಿಡಬೇಕೆಂದು ಪ್ರತಿ ಭಾನುವಾರ ನೀವು ಶ್ರೀರಾಂಪುರಕ್ಕೆ, ಶಿವಣ್ಣನ ಹೆಂಡತಿ ಗೌರಮ್ಮನವರ ಬೀದಿಯವರೆಗೂ ಹೋಗಿ ತಿರುಗಿ ಬರುತ್ತಿದ್ದಿರಿ. "ಇವತ್ತೂ ಮನೇಲಿರ್ಲಿಲ್ಲ ಕಣಮ್ಮ" ಎಂಬ ಸುಳ್ಳು ಬೇರೆ. ನಾನು ಹೋಗಿ ಹೇಳಲೇ ಎಂದು ಆಗಲೇ ಕೇಳಬಹುದಿತ್ತು. ಹೊಸಬರ ಮುಂದೆ ನನಗೆ ಬಾಯೇ... ಬಿಡಿ.

ನಿಮ್ಮ ಹನ್ನೊಂದನೇ ದಿನದ ತಿಥಿ ಮುಗಿದ ಮಾರನೆಯ ದಿನ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಆ ಪುಟಕ್ಕೇ ಫ್ರೇಮು ಹಾಕಿಸಿದ್ದರು. "ಈ ಬೆನ್ನು ನಮ್ಮನೆಯವ್ರುದ್ದು. ನಂಗೊತ್ತಾಗಲ್ವಾ?" ಎಂದರು. ನಾನು ಎಲ್ಲವನ್ನೂ ಹೇಳಿದೆ. ಮುಗಿಯುತ್ತಲೇ ಕೆನ್ನೆಗೆ ಬಾರಿಸಿದರು. ಎರಡನೇ ಏಟಿಗೆ ತುಟಿ ಒಡೆಯಿತು. ಫ್ರೇಮನ್ನು ನೆಲಕ್ಕೆ ಅಪ್ಪಳಿಸಿ, ಗಾಜಿನೊಳಗಿಂದ ಪುಟ ಕೀಳುವಾಗ ಅಂಗೈ ಸೀಳಿಕೊಂಡರು.

"ಒಂದ್ ಫೋಟೋಗಾ? ಒಂದ್ ಫೋಟೋಗೆ ಕಾಯ್ಸುದ್ರಾ? ಸೀಟಿ ಊದ್ದೋನು ಬದುಕಿದ್ದಾಗ ಯಾಕ್ ಬರ್ಲಿಲ್ಲ?"

"ಹೆದರ್ಕೊಂಡಿದ್ರು, ಅಮ್ಮ."

"ಹೊಡೀತಿದ್ದೆ. ಹೊಡ್ದು ಒಳಗ್ ಕರ್ದು ಕೂರಿಸ್ಕೋತಿದ್ದೆ ಕಣೇ. ಅವ್ರ ಕೊನೇ ಮಾತು ಕೇಳ್ದೋನು ಅವ್ನೊಬ್ನೇ ಅಲ್ವಾ?"

ಅವರ ಕೈಗೆ ನನ್ನ ವೇಲು ಸುತ್ತಿದೆ. ಇಬ್ಬರೂ ಗಾಜಿನ ಚೂರುಗಳ ನಡುವೆಯೇ ಕೂತಿದ್ದೆವು.

ನಾಳೆ ಬೆಳಿಗ್ಗೆ ಆ ಪತ್ರಿಕೆಯ ಕಚೇರಿಗೆ ಹೋಗುತ್ತಿದ್ದೇವೆ. ನಾನು ಬರೆದದ್ದಕ್ಕೆ ಗೌರಮ್ಮನವರು ಸಹಿ ಹಾಕಿದ್ದಾರೆ. ಅಚ್ಚು ಹಾಕುವುದಿಲ್ಲ ಎಂದರೆ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದುತ್ತೇನೆ, ನಾನೇ. ಅದರಲ್ಲಿ ಸಾಹೇಬರ ಹೆಸರಿದೆ, ಅವರ ಗೆಳೆಯನ ಹೆಸರಿದೆ. ಸೀಟಿ ಊದಿದವರು ಯಾರೆಂಬುದನ್ನು ಬಿಡಬಹುದಿತ್ತು.

ಬಿಟ್ಟಿಲ್ಲ, ಮಾವ.