ಶಾಲಿನೊಳಗಿನ ಐದು ಮರಿಗಳು

ಚಿರಂಜೀವಿ ವೀಕ್ಷಾಳಿಗೆ,

ಇನ್ನು ಅಳಬೇಡ. ಮೂರು ದಿನದ ಹಿಂದೆ ಪಂಜರದಿಂದ ತಪ್ಪಿಸಿಕೊಂಡ ನಿನ್ನ ಬಿಳಿ ಇಲಿ ರಾಜ, ನಾವು ತಿಳಿದುಕೊಂಡಿದ್ದಂತೆ ಗಂಡಲ್ಲ, ಹೆಣ್ಣು. ನನ್ನ ಬೀರುವಿನಲ್ಲಿದ್ದ ಸನ್ಮಾನದ ಶಾಲನ್ನು ಕಡಿದು ಹಾಸಿಗೆ ಮಾಡಿಕೊಂಡು, ಅದರಲ್ಲಿ ಐದು ಮರಿ ಹಾಕಿದೆ. ಮರಿಗಳ ಮೈ ಬೆಚ್ಚಗಿದೆ. ಆದ್ದರಿಂದ ತಾಯಿ ದೂರವಿಲ್ಲ, ಬಂದೇ ಬರುತ್ತದೆ.

ಬೀರುವಿನ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಿಡು. ಕಡಲೆಬೀಜವನ್ನು ಗೋಡೆಯಂಚಿನಲ್ಲೇ ಇಡು. ಇಲಿ ಕೋಣೆಯ ನಡುವೆ ಓಡಾಡುವ ಪ್ರಾಣಿಯಲ್ಲವೆಂಬುದನ್ನು ನಲವತ್ತು ವರ್ಷ ಹೋಟೆಲು ನಡೆಸಿದ ನಿನ್ನ ಅಜ್ಜ ಬಲ್ಲ. ಅದು ಒಳಗೆ ಹೊಕ್ಕ ಕೂಡಲೇ ಬಾಗಿಲು ಮುಚ್ಚು.

"ಶಾಲಿಲ್ಲದೆ ಕೀಲ್ಪಾಕಿನ ಕನ್ನಡ ಸಂಘದ ಸಭೆಗೆ ಹೇಗೆ ಹೋಗ್ತೀರಿ ಮಾರಾಯ್ರೆ?" ಎಂದು ಅಜ್ಜಿ ನಗುತ್ತಿದ್ದಾಳೆ. ನೀನು ಏಳುವ ಮೊದಲೇ ಬರಿಯ ಅಂಗಿಯಲ್ಲೇ ಹೊರಟಿದ್ದೇನೆ. ನೀನು ಮಾತ್ರ ಮರಿಗಳ ಅಡಿಯಿಂದ ಆ ಶಾಲನ್ನು ಎಳೆಯಬೇಡ.

ಅಜ್ಜ